ಅರ್ಧ ಬದನೆಕಾಯಿ

೫ ಅಕ್ಟೋಬರ್ ೧೯೮೬, ರವಿವಾರ

ಅಂಬವ್ವಕ್ಕ ಇವತ್ತು ಮಧ್ಯಾಹ್ನದ ಗಾಡಿಗೆ ರಾಯಚೂರಿನ ಕಡೆ ಹೋದರು. ಸಿಕಂದರಾಬಾದ್ ಸ್ಟೇಶನ್ನಿನಲ್ಲಿ ಕಿಟಕಿಯ ಸರಳು ಹಿಡಿದುಕೊಂಡು, ಗಾಡಿ ಬಿಡುವವರೆಗೆ ಒಂದೇ ಮಾತನ್ನು ಮೂರು ಸಲ ಹೇಳಿದರು. "ಗುರುಸಿದ್ದಪ್ಪನವರ, ಸಂಕ್ರಾಂತಿಗೆ ಬರ್ತೀನ್ರಿ. ಹುಡುಗಿ ಹಿಂಗ ಒಣಗಿದ ಕಟಗಿ ಆಗಿದ್ರ ನಾ ಯಾರ ಮಾತೂ ಕೇಳೂದಿಲ್ಲ, ಲಿಂಗಸೂಗೂರಿಗೆ ಕರಕೊಂಡು ಹೋಗಾಕಿನ."

ಅವರು ನನ್ನ ಹೆಂಡತಿ ವಿಶಾಲಾಕ್ಷಿಯ ಅಕ್ಕ. ತಂಗಿಯನ್ನು ಮಣ್ಣು ಮಾಡಿ ಎರಡು ತಿಂಗಳಾಯಿತೆಂದು ನಮ್ಮನ್ನು ನೋಡಲು ಬಂದಿದ್ದರು. ಇದ್ದ ಮೂರು ದಿನವೂ ಹುಡುಗಿಗೆ ತಾವೇ ತುತ್ತು ಮಾಡಿ ಬಾಯಿಗಿಟ್ಟರು. ಹೋಗುವಾಗ ಎರಡು ಗಂಟು ಖಡಕ್ ರೊಟ್ಟಿ ಬಿಟ್ಟು ಹೋಗಿದ್ದಾರೆ. ಇನ್ನು ನಾನು, ನನ್ನ ಮಗಳು.

ಸುಹಾಸಿನಿಗೆ ಹತ್ತು ವರ್ಷ. ಐದನೆಯ ಕ್ಲಾಸು. ತೂಕ ಇಪ್ಪತ್ತೆರಡು ಕಿಲೋ. ಆಗಸ್ಟಿನಲ್ಲಿ ತಾಯಿ ಹೋದಾಗ ಇಪ್ಪತ್ತೈದು ಇತ್ತು. ಬಡಿಸಿದ್ದರಲ್ಲಿ ಅರ್ಧ ಬಿಡುತ್ತಾಳೆ. ಅನ್ನವಾದರೆ ಅರ್ಧ ಅನ್ನ, ರೊಟ್ಟಿಯಾದರೆ ಅರ್ಧ ರೊಟ್ಟಿ. ನಾನು ಕಾರ್ಖಾನೆಯಲ್ಲಿ ಕುಲುಮೆಯಿಂದ ಬಂದ ಉಕ್ಕಿನ ಬಿಡಿಭಾಗಗಳನ್ನು ಪರೀಕ್ಷಿಸಿ ಇದು ಸರಿ, ಇದು ರದ್ದಿ ಎನ್ನುವ ಇನ್ಸ್‌ಪೆಕ್ಟರ್. ಏನಾದರೂ ಕೆಟ್ಟರೆ ಮೊದಲು ಬರೆದಿಡಿ ಎಂದು ಹೊಸಬರ ತಲೆ ತಿನ್ನುವವನು. ಅದಕ್ಕೇ ಈ ಪುಸ್ತಕ.

ಬಸ್ಸಿನಲ್ಲಿ ಕುಷಾಯಿಗೂಡದ ಮನೆಗೆ ಬರುವಾಗ ಕೇಳಿದೆ, "ಏನು ಮಾಡಿ ಹಾಕಿದ್ರ ಹೊಟ್ಟಿ ತುಂಬ ಉಣ್ತೀ ಅವ್ವಿ?"

ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, "ಅವ್ವ ಶೇಗಡಿ ಮ್ಯಾಲ ಸುಡ್ತಿದ್ಳಲಾ, ಬದನೀಕಾಯಿ."

ಶೇಗಡಿ ಹಿತ್ತಿಲಲ್ಲಿ ನೀರಿನ ತೊಟ್ಟಿಯ ಪಕ್ಕ ಬೋರಲು ಬಿದ್ದಿದೆ. ಹಳೆಯ ಬಕೀಟಿನ ಹೊಟ್ಟೆ ಕೊರೆಸಿ, ಒಳಗೆ ಮಣ್ಣು ಮೆತ್ತಿ, ಮೇಲೊಂದು ಕಬ್ಬಿಣದ ಜಾಳಿಗೆ ಇಟ್ಟದ್ದು. ಮನೆಗೆ ಗ್ಯಾಸ್ ಬಂದು ನಾಲ್ಕು ವರ್ಷವಾದರೂ ಹೆಂಡತಿ ಅದನ್ನು ಬಿಡಲಿಲ್ಲ. ಸಂಜೆಯಾದರೆ ಇದ್ದಿಲು ಹಾಕಿ ಬದನೆಕಾಯಿ, ಉಳ್ಳಾಗಡ್ಡಿ, ಮೆಕ್ಕೆಜೋಳ ಏನಾದರೊಂದು ಸುಡುತ್ತಿದ್ದಳು. ಹೊಗೆ ಎಬ್ಬಿಸಬೇಡವೆಂದು ನಾನು ಬೈದದ್ದೇ ಹೆಚ್ಚು. ನಾಳೆ ನಾನೇ ಹೊತ್ತಿಸುತ್ತೇನೆ.

೬ ಅಕ್ಟೋಬರ್, ಸೋಮವಾರ

ಎಂಟುನೂರೈವತ್ತು ಡಿಗ್ರಿಯ ಕುಲುಮೆಯನ್ನು ಕಣ್ಣಳತೆಯಲ್ಲಿ ಇಡುವವನಿಗೆ ಒಂದು ಬಕೀಟು ಕೆಂಡ ಯಾವ ಲೆಕ್ಕ ಎಂಬ ಜಂಬವಿತ್ತು. ಇದ್ದಿಲಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದೆ. ಭಗ್ಗೆಂದು ಉರಿ ಎದ್ದಿತು. ಉರಿ ಚೆನ್ನಾಗಿದೆಯೆಂದು ಬದನೆಕಾಯಿ ಇಟ್ಟೆ. ನಾಲ್ಕು ನಿಮಿಷಕ್ಕೆ ಮೈಯೆಲ್ಲ ಡಾಂಬರು. ಸೀಳಿದರೆ ಒಳಗೆ ಹಸಿ ತಿರುಳು ಕರಕರ ಎನ್ನುತ್ತಿದೆ, ಜೊತೆಗೆ ಸೀಮೆಎಣ್ಣೆಯ ವಾಸನೆ. ಎರಡು ಹೋಳು ಮಾಡಿ, ಉಪ್ಪು, ಖಾರ, ಎಣ್ಣೆ ಹಾಕಿ ರೊಟ್ಟಿಯ ಜೊತೆ ಕೊಟ್ಟೆ.

ಹುಡುಗಿ ಮುಖ ಸಿಂಡರಿಸಲಿಲ್ಲ. ಒಂದು ಹೋಳು ತಿಂದಳು. ಇನ್ನೊಂದು ಹೋಳು, ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು, ಮೇಲೆ ಬಟ್ಟಲು ಬೋರಲು ಹಾಕಿ ಎದ್ದಳು. ಕಣ್ಣಿಗೂ ಬೀಳಬಾರದು ಎಂದಿರಬೇಕು.

"ಅಪ್ಪಾ, ನೀ ಉಣ್ಣೂದಿಲ್ಲೇನು?" ಎಂದು ಕೇಳಿದಳು.

"ನನಗ ಹಸಿವಿಲ್ಲವ್ವಾ" ಎಂದೆ. ನಿಜವಾಗಿಯೂ ಹಸಿವಿರಲಿಲ್ಲ. ನಾಲ್ಕಕ್ಕೆ ಕ್ಯಾಂಟೀನಿನಲ್ಲಿ ಚಹಾ ಕುಡಿದಿದ್ದೆ.

೯ ಅಕ್ಟೋಬರ್, ಗುರುವಾರ

ಮೂರು ದಿನವೂ ಕರಿ ಮೈ, ಹಸಿ ತಿರುಳು. ಮೂರು ದಿನವೂ ಅರ್ಧ. ಇವತ್ತು ನನಗೆ ಸಿಟ್ಟು ತಡೆಯಲಾಗಲಿಲ್ಲ. "ನೀನ ಕೇಳಿದ್ದಿ, ನೀನ ಬಿಟ್ಟೇಳ್ತೀ! ಯಾರ ಮುಂದ ಈ ಚೆಲ್ಲಾಟ?" ಎಂದು ಒದರಿದೆ. ಆಕೆ ಬಟ್ಟಲು ಮುಚ್ಚುತ್ತಿದ್ದ ಕೈ ಹಾಗೇ ನಿಲ್ಲಿಸಿ ನೋಡಿದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಬೆಳಿಗ್ಗೆ ಐದೂವರೆಗೆ, ಆಕೆ ಏಳುವ ಮುಂಚೆ, ಉಳಿದದ್ದನ್ನು ಹಿಂದಿನ ಬೀದಿಯ ಹಾಲಿನವಳ ಎಮ್ಮೆಗೆ ಹಾಕಿ ತಟ್ಟೆ ತೊಳೆದಿಡುತ್ತೇನೆ. ಆ ಅರ್ಧವನ್ನು ಹಗಲು ಹೊತ್ತಿನಲ್ಲಿ ನೋಡುವುದು ನನ್ನಿಂದಾಗದು.

೧೨ ಅಕ್ಟೋಬರ್, ದಸರಾ

ರಾಮಕೃಷ್ಣ ಬನ್ನಿ ಕೊಡಲು ಬಂದಿದ್ದರು. ನನ್ನ ಸೆಕ್ಷನ್ನಿನವರೇ, ಮೈಸೂರು ಕಡೆಯವರು. ಹಿತ್ತಿಲಿಗೆ ಬಂದು ಶೇಗಡಿ ನೋಡಿ ನಕ್ಕರು. "ಏನ್ರೀ ಇದು, ಇನ್ಸ್‌ಪೆಕ್ಟರ್ ಆಗಿ ಉರಿ ಮೇಲೆ ಇಡ್ತಿದ್ದೀರಲ್ಲ? ನಮ್ಮಮ್ಮ ಉರಿಯೆಲ್ಲ ಅಡಗಿ, ಕೆಂಡದ ಮೇಲೆ ಬೂದಿ ಕೂತ ಮೇಲೇ ಇಡೋರು. ಉರಿ ಬರೀ ನೋಡೋಕೆ ಕಣ್ರೀ. ಬೇಯಿಸೋದು ಕೆಂಡ."

ಎರಡು ತಿಂಗಳಲ್ಲಿ ನನಗೆ ಮೊದಲ ಸಲ ಸ್ವಲ್ಪ ಧೈರ್ಯ ಬಂತು. ತಪ್ಪು ಬೆಂಕಿಯದು. ಬೆಂಕಿಯದಾದರೆ ಅದನ್ನು ನಾನು ಸರಿಮಾಡಬಲ್ಲೆ. ಬದನೆಕಾಯಿ ಅವಳ ಅವ್ವ ಸುಟ್ಟಂತೆ ಆದ ದಿನ ಹುಡುಗಿ ತಟ್ಟೆ ಖಾಲಿ ಮಾಡುತ್ತಾಳೆ. ಸಂಕ್ರಾಂತಿಗೆ ಮೂರು ತಿಂಗಳಿದೆ.

೧೯ ಅಕ್ಟೋಬರ್, ರವಿವಾರ

ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಮೊದಲ ಸಲ, ನಿನ್ನೆ, ಕಾರ್ಖಾನೆಯ ಸಾಮಾನು ಮನೆಗೆ ತಂದೆ. ಶಾಖ ಅಳೆಯುವ ಪೈರೋಮೀಟರು. ಗೇಟ್ ಪಾಸಿನಲ್ಲಿ ಕಾರಣ ಎಂಬಲ್ಲಿ "ಪರೀಕ್ಷೆಗಾಗಿ" ಎಂದು ಬರೆದೆ. ಸುಳ್ಳೇನೂ ಅಲ್ಲ.

ಕೆಂಡದ ನಡುವೆ ಏಳುನೂರು. ಬೀಸಣಿಗೆ ಬೀಸಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ, ಬೂದಿ ಉದುರಿಸಿದರೆ ಮತ್ತೆ ಏರುತ್ತದೆ. ಜಾಳಿಗೆಯ ನಡುವೆ ಮುನ್ನೂರೈವತ್ತು, ಅಂಚಿಗೆ ನೂರೆಂಬತ್ತು. ಒಂದು ಗೇಣಿನ ಜಾಗದಲ್ಲಿ ಇಷ್ಟು ವ್ಯತ್ಯಾಸವಿರುವ ಕುಲುಮೆಯನ್ನು ನಾವಾದರೆ ಮುಚ್ಚಿ ಸೀಲು ಹಾಕುತ್ತಿದ್ದೆವು. ಇದರ ಮೇಲೆ ಆಕೆ ಹನ್ನೆರಡು ವರ್ಷ ಒಂದು ಕಾಯಿಯನ್ನೂ ಕೆಡಿಸದೆ ಸುಟ್ಟಳಲ್ಲ! ನಾನು ತಿನ್ನುವಾಗ ಒಂದು ದಿನವಾದರೂ ಚೆನ್ನಾಗಿದೆ ಅಂದಿದ್ದೆನೇ? ನೆನಪಾಗುತ್ತಿಲ್ಲ.

ಅರ್ಧ.

೨ ನವೆಂಬರ್, ರವಿವಾರ

ನಿನ್ನೆ ದೀಪಾವಳಿ. ನಮಗೆ ಈ ವರ್ಷ ಹಬ್ಬವಿಲ್ಲ. ಸುತ್ತಲಿನ ಕ್ವಾರ್ಟರ್ಸಿನಲ್ಲೆಲ್ಲ ಪಟಾಕಿ. ಸುಹಾಸಿನಿ ಹಿತ್ತಿಲ ಬಾಗಿಲಲ್ಲಿ ಕೂತು ನಾನು ಇದ್ದಿಲು ಒಟ್ಟುವುದನ್ನು ನೋಡುತ್ತಿದ್ದಳು.

ಉಕ್ಕನ್ನು ಕುಲುಮೆಯಲ್ಲಿಟ್ಟ ಸ್ವಲ್ಪ ಹೊತ್ತಿಗೇ ಮೈ ಕೆಂಪಾಗುತ್ತದೆ. ಹೊಸಬರು ಆಯಿತೆಂದು ತೆಗೆದುಬಿಡುತ್ತಾರೆ. ತಿರುಳಿಗೆ ಶಾಖ ಮುಟ್ಟಿರುವುದಿಲ್ಲ. ಅದೇ ಶಾಖದಲ್ಲಿ ಅದನ್ನು ಸುಮ್ಮನೆ ಬಿಡಬೇಕು, ಅವಸರ ಮಾಡಬಾರದು. ಇದನ್ನು ಎಷ್ಟೋ ಜನರಿಗೆ ಕಲಿಸಿದ ನಾನು ಬದನೆಕಾಯಿಯ ಮುಂದೆ ಮರೆತಿದ್ದೆ. ಇವತ್ತು ಕೆಂಡವನ್ನೆಲ್ಲ ಒಂದು ಮಗ್ಗುಲಿಗೆ ದಬ್ಬಿದೆ. ಮೊದಲು ಕೆಂಡದ ನೇರಕ್ಕೆ ಇಟ್ಟು ಸಿಪ್ಪೆ ಸುಡಿಸಿ, ಆಮೇಲೆ ಕೆಂಡವಿಲ್ಲದ ಮಗ್ಗುಲಿಗೆ ಸರಿಸಿ ಮೇಲೆ ಬೋಗುಣಿ ಬೋರಲು ಹಾಕಿದೆ.

ಪೈರೋಮೀಟರಿನ ಕಡ್ಡಿ ಹಿಡಿದು ಒದ್ದಾಡುವುದನ್ನು ನೋಡಿ ಹುಡುಗಿ ಎದ್ದು ಬಂದಳು. "ಅವ್ವ ಹಿಂಗ ಮಾಡ್ತಿದ್ಳು" ಎಂದು ಜಾಳಿಗೆಯ ಮೇಲೆ ಅಂಗೈ ಚಾಚಿ ಹಿಡಿದಳು. "ಹಿಂಗ ಹಿಡದು ಎಣಸೂದು. ಐದು ಅನ್ನೂದ್ರಾಗ ಕೈ ಸುಟ್ರ ಭಾಳ ಬಿಸಿ ಐತಿ ಅಂತ. ಹತ್ತರ ತನಕ ತಾಳಿದ್ರ ಬದನೀಕಾಯಿಗೆ ಸರಿ."

ಎಣಿಸಿ ತೋರಿಸಿದಳು. ಎಂಟಕ್ಕೆ ಕೈ ಹಿಂದೆಗೆದಳು. "ಈಗ ಒಂದೀಟು ಬೂದಿ ಹಾಕು" ಎಂದಳು. ತಾಯಿ ಹೋದಮೇಲೆ ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಬದನೆಕಾಯಿ ಮುಕ್ಕಾಲು ಪಾಲು ಬೆಂದಿತ್ತು. ಅರ್ಧ ತಿಂದಳು, ಅರ್ಧ ಬಿಟ್ಟಳು, ಮುಚ್ಚಿಟ್ಟಳು. ಇನ್ನೂ ಸ್ವಲ್ಪ ಬೇಯಬೇಕಿತ್ತು.

ಪೈರೋಮೀಟರನ್ನು ನಾಳೆ ವಾಪಸು ಕೊಡುತ್ತೇನೆ.

೧೪ ನವೆಂಬರ್, ಶುಕ್ರವಾರ

ಆಯಿತು.

ಕೆಂಡದ ಮೇಲೆ ತೆಳ್ಳಗೆ ಬೂದಿ, ಕೈ ಹಿಡಿದರೆ ಹತ್ತು. ಸಿಪ್ಪೆ ಬಿರಿದು ಸಣ್ಣಗೆ ಸುಂಯ್ ಎಂದಿತು. ಮುಟ್ಟಿದರೆ ತಾನೇ ಕುಸಿಯಿತು. ಸೀಳಿದಾಗ ಒಳಗೆ ಬೆಣ್ಣೆ, ಹೊಗೆಯ ಪರಿಮಳ. ಚಮಚೆಯ ತುದಿಯಲ್ಲಿ ನೆಕ್ಕಿ ನೋಡಿದೆ. ಅದೇ ರುಚಿ. ಹನ್ನೆರಡು ವರ್ಷ ನನ್ನ ತಟ್ಟೆಗೆ ಬರುತ್ತಿದ್ದದ್ದು ಅದೇ.

ಎರಡು ಹೋಳು ಮಾಡಿ ಕೊಟ್ಟು ಎದುರಿಗೇ ಕೂತೆ. ಹುಡುಗಿ ಮೊದಲ ತುತ್ತಿಗೆ ಕಣ್ಣು ಮುಚ್ಚಿಕೊಂಡಳು. "ಅವ್ವಂದು ಇದ್ದಂಗ ಐತಿ" ಎಂದಳು. ಬೆರಳು ನೆಕ್ಕಿದಳು. ಒಂದು ಹೋಳು ಮುಗಿಯಿತು. ಎರಡನೆಯದರ ಮೇಲೆ ಬಟ್ಟಲು ಬೋರಲು ಹಾಕಿ ಎದ್ದು ಕೈ ತೊಳೆದಳು.

ಇನ್ನು ನಾನು ಏನು ಮಾಡಲಿ? ಇಷ್ಟು ದಿನ ಕರಿಕಾಗಿತ್ತು, ಹಸಿ ಇತ್ತು, ವಾಸನೆ ಇತ್ತು. ಇವತ್ತು ಬೆಂಕಿಯಲ್ಲಿ ಒಂದು ತಪ್ಪೂ ಇಲ್ಲ. ತಪ್ಪು ಇಲ್ಲದ ಮೇಲೂ ರದ್ದಿಯಾದರೆ ಅದಕ್ಕೆ ಮದ್ದಿಲ್ಲ. ಆಕೆಗೆ ಬೇಡವಾಗಿರುವುದು ಊಟವಲ್ಲ, ನಾನು ಕೊಟ್ಟ ಊಟ.

೧೬ ನವೆಂಬರ್, ರವಿವಾರ

ಅರ್ಧ.

ಹಾಲಿನವಳು ಗೋಡೆಯಾಚೆಯಿಂದ ನಗುತ್ತ, "ಮಾ ಬರ್ರೆಕಿ ಮೀ ವಂಕಾಯ ಅಲವಾಟೈಂದಿ ಸಾರೂ" ಎಂದಳು. ಅವಳ ಎಮ್ಮೆಗೆ ನಮ್ಮ ಬದನೆಕಾಯಿ ರೂಢಿಯಾಗಿದೆಯಂತೆ. ಎಮ್ಮೆಗಾದರೂ ಸೇರಿತಲ್ಲ.

೩ ಡಿಸೆಂಬರ್, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಅದೇ ಒಂದು ಶಬ್ದವಿತ್ತು.

ಶಾಲೆಯಲ್ಲಿ ತೂಕ ಮಾಡಿದ್ದಾರೆ. ಇಪ್ಪತ್ತೊಂದೂವರೆ. ಟೀಚರು ಕರೆಸಿ ಮನೆಯಲ್ಲಿ ಯಾರು ಅಡುಗೆ ಮಾಡುತ್ತಾರೆ ಎಂದು ಕೇಳಿದರು. ನಾನೇ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

ಬೆಲ್ಟಿಗೆ ಮತ್ತೊಂದು ತೂತು ಹೊಡೆದೆ, ಅಕ್ಟೋಬರಿನಿಂದ ಇದು ಮೂರನೆಯದು. ಚರ್ಮ ಹಿಗ್ಗಿರಬೇಕು. ರಾಮಕೃಷ್ಣ, "ರೀ, ನಿಮ್ಮ ಶರ್ಟು ನಿಮ್ಮಣ್ಣಂದಾ?" ಎಂದು ತಮಾಷೆ ಮಾಡಿದರು. ಅವರಿಗೆ ಎಲ್ಲದರಲ್ಲೂ ತಮಾಷೆ. ಮಧ್ಯಾಹ್ನದ ಊಟದ ಕೂಪನ್ನುಗಳು ಡ್ರಾಯರಿನಲ್ಲಿ ಹಾಗೇ ಬಿದ್ದಿದ್ದವು, ಅವರಿಗೇ ಕೊಟ್ಟೆ.

೨೦ ಡಿಸೆಂಬರ್, ಶನಿವಾರ

ಇವತ್ತು ಬೆಂಕಿ ಹೊತ್ತಿಸಬಾರದು ಎಂದುಕೊಂಡೇ ಕಾರ್ಖಾನೆಯಿಂದ ಬಂದೆ. ಬಂದವನೇ ಕೈಕಾಲು ತೊಳೆದು ಇದ್ದಿಲು ಒಟ್ಟಿದ್ದೆ. ಕೈಗೆ ಈಗ ನನ್ನ ಅಪ್ಪಣೆ ಬೇಕಿಲ್ಲ. ಯಾವ ತುಂಡು ಒದ್ದೆ, ಯಾವುದು ಚಟಪಟ ಸಿಡಿಯುತ್ತದೆ ಎಂದು ಎತ್ತಿದರೆ ತಿಳಿಯುತ್ತದೆ. ತಿಳಿದು ಏನು ಬಂತು.

ಚಳಿ ಬಹಳ. ಕೆಂಡದ ಮುಂದೆ ಕೂತರೆ ಎದೆ ಬೆಚ್ಚಗೆ, ಬೆನ್ನು ತಣ್ಣಗೆ. ಹಾಗೆ ಕೂತಿದ್ದಾಗ ಆಸ್ಪತ್ರೆಯ ಡಾಕ್ಟರು ಕೇಳಿದ್ದು ನೆನಪಾಯಿತು. ಜುಲೈ ಕೊನೆ. ಕಾಮಾಲೆ ಎಂದು ಸೇರಿಸಿದ್ದೆವು. ಡಾಕ್ಟರು ಹೊರಗೆ ಕರೆದು, ಕಾಮಾಲೆ ಒಂದೇ ಅಲ್ಲ, ಮೈಯಲ್ಲಿ ರಕ್ತವೇ ಇಲ್ಲ, ಬಹಳ ದಿನದಿಂದ ಹೀಗಿರಬೇಕು, ಮನೆಯಲ್ಲಿ ಏನು ಊಟ ಮಾಡುತ್ತಿದ್ದರು ಎಂದು ಕೇಳಿದ್ದರು. ನಾನು ತಟ್ಟನೆ ಹೇಳಿದ್ದೆ, "ನಾವು ಉಣ್ಣೂದನ್ನ ಉಣ್ತಾಳ್ರಿ." ಅವರು ಬರೆದುಕೊಂಡರು. ನನ್ನ ಉತ್ತರದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮನೆಯಲ್ಲಿ ಜೋಳವಿತ್ತು, ಬೇಳೆಯಿತ್ತು, ತರಕಾರಿಯಿತ್ತು. ಒಂದು ದಿನವೂ ಇಲ್ಲ ಎಂದದ್ದಿಲ್ಲ. ಐದು ದಿನಕ್ಕೆ ಹೋಗಿಬಿಟ್ಟಳು.

ಈಗ ಮಗಳೂ ಹಾಗೇ ಕರಗುತ್ತಿದ್ದಾಳೆ. ಒಂದು ಹೆಣ್ಣನ್ನು ಉಳಿಸಿಕೊಳ್ಳಲಿಲ್ಲ, ಇನ್ನೊಂದನ್ನೂ ಉಳಿಸಿಕೊಳ್ಳಲಾರೆ. ಅಂಬವ್ವಕ್ಕ ಕರೆದುಕೊಂಡು ಹೋಗುವುದೇ ಸರಿ. ಆಮೇಲೆ ಈ ಮನೆಯಲ್ಲಿ ನಾನು ಯಾಕೆ ಇರಬೇಕು, ಬೆಳಿಗ್ಗೆ ಯಾಕೆ ಏಳಬೇಕು, ನನಗೆ ತಿಳಿಯುತ್ತಿಲ್ಲ.

ಒಂದು ವಿಚಿತ್ರ. ತಿನ್ನಲಾರದ ಮಕ್ಕಳು ತಟ್ಟೆಯನ್ನು ಕಲಸಿ, ಚೆಲ್ಲಿ ಬಿಡುತ್ತಾರೆ. ಈಕೆ ಬಿಡುವ ಅರ್ಧಕ್ಕೆ ಬೆರಳೂ ತಾಗಿರುವುದಿಲ್ಲ. ರೊಟ್ಟಿಯನ್ನು ತಿನ್ನುವ ಮೊದಲೇ ಎರಡು ಮಾಡಿ ಒಂದನ್ನು ಪಕ್ಕಕ್ಕಿಡುತ್ತಾಳೆ. ಎರಡು ದೊಡ್ಡ ರೊಟ್ಟಿ ಬಡಿಸಿದರೆ ಒಂದು ಬಿಡುತ್ತಾಳೆ. ಬೆಳಿಗ್ಗೆ ಎದ್ದು ಮೊದಲು ಅಡುಗೆಮನೆಗೆ ಹೋಗಿ ತೊಳೆದಿಟ್ಟ ತಟ್ಟೆಯನ್ನು ನೋಡುತ್ತಾಳೆ. ಆಮೇಲೇ ಮುಖ ತೊಳೆಯುವುದು.

೧೧ ಜನವರಿ ೧೯೮೭, ರವಿವಾರ

ಸುಲ್ತಾನ್ ಬಜಾರಿಗೆ ಹೋಗಿ ಹುಡುಗಿಗೆ ಎರಡು ಫ್ರಾಕು, ಒಂದು ಸ್ವೆಟರ್ ತಂದೆ. ಲಿಂಗಸೂಗೂರಿನ ಶಾಲೆಗೆ ಟಿ.ಸಿ. ಬೇಕಾಗುತ್ತದೆ, ಅರ್ಜಿ ಬರೆದಿಟ್ಟಿದ್ದೇನೆ. ಟ್ರಂಕಿನಲ್ಲಿ ಬಟ್ಟೆ ಜೋಡಿಸುವಾಗ ಬಂದು ನಿಂತು ನೋಡಿದಳು.

"ನಾ ಹೋಗೂದು ಖರೆ ಏನಪ್ಪಾ?"

"ದೊಡ್ಡವ್ವನ ಮನ್ಯಾಗ ಆಕಳ ಐತಿ, ಅಣ್ಣಂದಿರದಾರ. ಅಲ್ಲಿ ಚಲೋ ಉಣ್ತೀ."

"ನೀ?"

"ನಂದೇನು, ಕ್ಯಾಂಟೀನ್ ಐತಿ."

ಸಂಜೆ ತನ್ನ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚೇ ಬಿಟ್ಟಿದ್ದಳು.

೧೫ ಜನವರಿ, ಗುರುವಾರ, ಬೆಳಿಗ್ಗೆ

ನಿನ್ನೆ ಸಂಕ್ರಾಂತಿ. ನಿನ್ನೆ ನನಗೆ ಪೆನ್ನು ಹಿಡಿಯಲಾಗಲಿಲ್ಲ. ಇವತ್ತು ರಜೆ ಹಾಕಿ ಬರೆಯುತ್ತಿದ್ದೇನೆ, ಒಂದೂ ಬಿಡದೆ ಬರೆಯಬೇಕು.

ಅಂಬವ್ವಕ್ಕ ಬೆಳಗಿನ ಗಾಡಿಗೆ ಬಂದರು. ಬಾಗಿಲಲ್ಲಿ ಚೀಲ ಇಳಿಸಿ ಮೊದಲು ಹುಡುಗಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡರು. ಚೀಲದ ತುಂಬ ಹೊಲದಿಂದ ಕೊಯ್ದ ಎಳೆ ಜೋಳದ ತೆನೆ ತಂದಿದ್ದರು. "ಸೀತನಿ ಮಾಡೂಣು. ವಿಶಾಲಿಗೆ ಭಾಳ ಸೇರ್ತಿತ್ತು."

ಇಳಿಹೊತ್ತಿಗೆ ಶೇಗಡಿ ಹೊತ್ತಿಸಿದೆ. ಎಳೆ ತೆನೆಗೆ ಬದನೆಕಾಯಿಯ ಕೆಂಡ ಆಗದು, ಚುರುಕಾಗಿರಬೇಕು, ಕೈ ಹಿಡಿದರೆ ನಾಲ್ಕೈದಕ್ಕೆ ಸುಡಬೇಕು. ಬೂದಿ ಉದುರಿಸಿ, ಎರಡು ಸಲ ಬೀಸಿ, ತೆನೆಯನ್ನು ತಿರುಗಿಸುತ್ತ ಸುಟ್ಟುಕೊಟ್ಟೆ. ಅಕ್ಕ ಗೋಣಿತಟ್ಟಿನಲ್ಲಿ ಸುತ್ತಿ ಬಡಿದು, ಮೊರದಲ್ಲಿ ಕೇರಿ, ಹಸಿರು ಕಾಳಿಗೆ ಶೇಂಗಾ ಚಟ್ನಿಪುಡಿ, ಬೆಲ್ಲ ಹಾಕಿ ಕಲಸಿದರು. "ಇಂಥಾ ಹದದ ಕೆಂಡ ನಮ್ಮೂರ ಹೆಂಗಸರಿಗೂ ಬರೂದಿಲ್ಲ ಬಿಡ್ರಿ" ಎಂದರು. ಮೂವರೂ ಮೊರದ ಸುತ್ತ ಕೂತೆವು. ಸುಹಾಸಿನಿ ಮುಷ್ಟಿಗಟ್ಟಲೆ ತಿಂದಳು. ಗಲ್ಲದ ಮೇಲೆಲ್ಲ ಮಸಿ. ನನ್ನ ಅಂಗೈಗೂ ಸುರಿದಳು, ನಾನೂ ತಿಂದೆ. ನಾನು ಬಾಯಾಡಿಸುವುದನ್ನು ನೋಡಿ ಮತ್ತೆ ಸುರಿದಳು. ಅಕ್ಕ ಹುಬ್ಬು ಗಂಟಿಕ್ಕಿ ಅದನ್ನೇ ನೋಡುತ್ತಿದ್ದರು. "ಉಣ್ಣೂದಿಲ್ಲ ಅಂತೀರಿ. ಹುಲಿಹಂಗ ತಿನ್ನಾಕತ್ತಾಳ ಹುಡುಗಿ!"

ನಾನು ಉಳಿದ ಕೆಂಡಕ್ಕೆ ಬೂದಿ ಹಾಕಿ ಬದನೆಕಾಯಿ ಇಟ್ಟೆ.

ಆಮೇಲೆ ಒಳಗೆ ತಟ್ಟೆ ಇಟ್ಟು ಬಡಿಸಿದೆ. ಎಂದಿನಂತೆ ನಾನು ಬಡಿಸುವ ಕಡೆ, ಅವರಿಬ್ಬರು ಉಣ್ಣುವ ಕಡೆ. ಹುಡುಗಿ ರೊಟ್ಟಿ ಎರಡು ಮಾಡಿ ಒಂದನ್ನು ಪಕ್ಕಕ್ಕಿಟ್ಟಳು. ಬದನೆಕಾಯಿಯ ಒಂದು ಹೋಳು ಮುಗಿಸಿ, ಬಟ್ಟಲಿಗೆ ಕೈ ಚಾಚಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದುಕೊಂಡರು.

"ಯಾಕವ್ವಾ? ಚಲೋ ಆಗಿಲ್ಲೇನು?"

"ಚಲೋ ಐತಿ."

"ಮತ್ತ ಯಾಕ ಬಿಟ್ಟಿ?"

ಹುಡುಗಿ ನನ್ನ ಕಡೆ ನೋಡಿದಳು. ಆಮೇಲೆ ದೊಡ್ಡವ್ವನ ಕಿವಿಗೆ ಹೇಳುವವಳಂತೆ ಸಣ್ಣ ದನಿಯಲ್ಲಿ ಹೇಳಿದಳು, "ಅದು ಅಪ್ಪಂದು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅಕ್ಕನಿಗೂ ಆಗಲಿಲ್ಲ.

"ಅಡಿಗಿ ಮಾಡಿದಾವ್ರು ಉಳದದ್ದು ಉಣ್ತಾರಲಾ ದೊಡ್ಡವ್ವಾ. ಅವ್ವ ಅಪ್ಪಗ ಹಾಕಿ, ನನಗ ಹಾಕಿ, ಉಳದದ್ದು ಉಣ್ತಿದ್ಳು. ನಾ ಇನ್ನೊಂದು ಬೇಕು ಅಂದ್ರ ಅದನ್ನೂ ಹಾಕ್ತಿದ್ಳು. ನಿನಗ ಅಂತ ಕೇಳಿದ್ರ ಹಸಿವಿಲ್ಲ ಅಂತಿದ್ಳು. ನೀರು ಕುಡದು ಮಕ್ಕೋತಿದ್ಳು. ನಾ ಎಲ್ಲಾ ತಿಂದ್ಬಿಡ್ತಿದ್ದೆ. ಅವ್ವಗ ಉಳೀತಿರಲಿಲ್ಲ. ಅದಕ್ಕ ಆಕಿ ಮೈಯಾಗ ರಕ್ತ ಇಲ್ಲದಂಗ ಆತು, ಡಾಕ್ಟರು ಅಪ್ಪನ ಮುಂದ ಅಂದದ್ದು ನಾ ಕೇಳೀನಿ. ಈಗ ಅಪ್ಪನೂ ಹಸಿವಿಲ್ಲ ಅಂತಾನ."

ಅಕ್ಕ ಆಕೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಕಣ್ಣು ಒರೆಸಿಕೊಂಡು, "ಏಳವ್ವಾ ನನ ಕೂಸ, ನಾಳೆ ನಮ್ಮೂರಿಗೆ ಹೋಗೂಣು" ಎಂದರು. ಹುಡುಗಿ ತಲೆಯೆತ್ತಿ ಕೇಳಿದಳು, "ನಾ ಬಂದ್ರ ಅಪ್ಪಗ ಯಾರು ಉಳಸ್ತಾರ?"

ಮೂರು ತಿಂಗಳು. ದಿನವೂ ಹತ್ತು ವರ್ಷದ ಮಗು ತನ್ನ ಹೊಟ್ಟೆಯನ್ನು ಅರ್ಧಕ್ಕೆ ಕಟ್ಟಿ ನನಗೆ ಊಟ ಮುಚ್ಚಿಟ್ಟಿದೆ. ಬೆಳಿಗ್ಗೆ ಖಾಲಿ ತಟ್ಟೆ ನೋಡಿ ಅಪ್ಪ ಉಂಡನೆಂದು ಸಮಾಧಾನ ಮಾಡಿಕೊಂಡಿದೆ. ನಾನು ಅದನ್ನು ಎಮ್ಮೆಗೆ ಹಾಕಿದೆ. ಇದನ್ನು ಆಕೆಗೆ ಹೇಳಲಿಲ್ಲ. ಯಾವತ್ತೂ ಹೇಳುವುದಿಲ್ಲ.

ಬೇರೆ ಒಂದನ್ನು ಮಾತ್ರ ಹೇಳಲೇಬೇಕಿತ್ತು. "ನೀ ತಿಂದದ್ದಕ್ಕ ಅಲ್ಲವ್ವಾ" ಎಂದೆ. "ನೀ ಕೂಸು. ನಾ ಐದೈದು ರೊಟ್ಟಿ ತಿಂತಿದ್ದೆ. ಆಕಿಗೆ ಎಷ್ಟು ಉಳದಾವು ಅಂತ ಒಂದಿನ ಕೇಳಲಿಲ್ಲ. ತಪ್ಪು ನಂದು." ಅಕ್ಕನ ಮುಂದೆ, ಮಗಳ ಮುಂದೆ ಹೇಳಿದೆ. ಅಕ್ಕ ಅಲ್ಲ ಎನ್ನಲಿಲ್ಲ.

ಹುಡುಗಿ ತಟ್ಟೆಯನ್ನು ನನ್ನ ಮುಂದೆ ಸರಿಸಿದಳು. ಮೂರು ತಿಂಗಳಿಂದ ನನಗಾಗಿ ಇಟ್ಟದ್ದರಲ್ಲಿ ನಾನು ಉಂಡದ್ದು ಅದೊಂದೇ ಹೋಳು. ಆಕೆ ನೋಡುತ್ತಿರುವಂತೆಯೇ ತಿಂದು ಮುಗಿಸಿದೆ. ಆಸ್ಪತ್ರೆಯಲ್ಲಿ ನಾನು ಡಾಕ್ಟರಿಗೆ ಕೊಟ್ಟ ಉತ್ತರವನ್ನು ವಿಶಾಲಾಕ್ಷಿ ಒಳಗಿನಿಂದ ಕೇಳಿಸಿಕೊಂಡಿದ್ದಳೋ ಇಲ್ಲವೋ ಗೊತ್ತಿಲ್ಲ. ವಾರ್ಡಿನ ಬಾಗಿಲು ತೆರೆದೇ ಇತ್ತು.

೧೮ ಜನವರಿ, ರವಿವಾರ

ಅಕ್ಕ ಇವತ್ತು ಒಬ್ಬರೇ ಹೋದರು. ಸ್ಟೇಶನ್ನಿನಲ್ಲಿ ಈ ಸಲ ಹೇಳಿದ್ದು ಒಂದೇ ಮಾತು. "ಇಬ್ಬರೂ ಕೂಡಿ ಉಣ್ರಿ, ಒಂದ ಹೊತ್ತಿಗೆ." ಟ್ರಂಕಿನ ಬಟ್ಟೆಯನ್ನು ಹುಡುಗಿ ತಾನೇ ತೆಗೆದು ಗೂಟಕ್ಕೆ ಹಾಕಿದ್ದಾಳೆ.

ಸಂಜೆ ನಾಲ್ಕು ಬದನೆಕಾಯಿ ಸುಟ್ಟೆ. ಎರಡು ತಟ್ಟೆ ಎದುರು ಬದುರು ಇಟ್ಟು, ಮಾಡಿದ್ದನ್ನೆಲ್ಲ ನಡುವೆ ಇಟ್ಟುಕೊಂಡು ಇಬ್ಬರೂ ಒಟ್ಟಿಗೆ ಕೂತೆವು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಆಕೆ ಇಡಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ ರೊಟ್ಟಿ ಎಣಿಸಿದಳು. ಬದನೆಕಾಯಿ ಎಣಿಸಿದಳು. ನನ್ನ ತಟ್ಟೆಯಲ್ಲಿರುವುದನ್ನು ಎಣಿಸಿದಳು, ತನ್ನದನ್ನು ಎಣಿಸಿದಳು. ಇಬ್ಬರಿಗೂ ಸಾಕಾಗುತ್ತದೆ ಎಂದು ಖಾತ್ರಿಯಾದ ಮೇಲೆ ರೊಟ್ಟಿ ಮುರಿದಳು. ಪೂರ್ತಿ ತಿಂದಳು.

ಇನ್ನು ಎಷ್ಟು ವರ್ಷ ಹೀಗೆ ಎಣಿಸಿಯೇ ಉಣ್ಣುತ್ತಾಳೋ ನನಗೆ ಗೊತ್ತಿಲ್ಲ.